ಬಾವುಟಗುಡ್ಡೆಯ ಚಾಪೆಲ್ಲಿನಿಂದ ಗೆಳೆಯನಿಗೊಂದು ಪತ್ರ

ಮಂಗಳೂರು

ಪ್ರೀತಿಯ ಗೆಳೆಯಾ,

ಕುಮಟೆಯ ನಿಮ್ಮ ಮನೆದೇವರ ಗುಡಿಯಲ್ಲಿ ಕೆಂಪು-ಬಿಳುಪಿನ ಹಳೆಯ ಕಾವಿ ಚಿತ್ರಗಳ ಮೇಲೆ ಡಿಸ್ಟೆಂಪರ್ ಬಣ್ಣ ಬಳಿಯುವ ಮಾತು ನಡೆದಿದೆಯೆಂದು ನೀನು ಬರೆದದ್ದನ್ನು ಓದಿದಂದಿನಿಂದ ನನಗೆ ಸಮಾಧಾನವಿಲ್ಲ. ಹಿರಿಯರಿಗೆ ಏನು ಹೇಳಲಿ ಎಂದು ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಹುಡುಕುತ್ತ ನಿನ್ನೆ ಬಾವುಟಗುಡ್ಡೆ ಹತ್ತಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನಲ್ಲಿ ಬಹಳ ಹೊತ್ತು ಕುಳಿತಿದ್ದೆ. ಗುಡಿಯ ಪ್ರಶ್ನೆಗೆ ಕ್ರೈಸ್ತರ ಪ್ರಾರ್ಥನಾಲಯದಲ್ಲಿ ಉತ್ತರವೇ ಎಂದು ನಿಮ್ಮ ಅಜ್ಜ ಕೇಳಬಹುದು. ಆದರೆ ಎರಡೂ ಕಡೆ ಚಿತ್ರವನ್ನು ಹಿಡಿದಿಟ್ಟಿರುವುದು ಸುಣ್ಣವೇ.

ಯೇಸುಸಭೆಯ (ಜೆಸ್ವಿಟ್) ಗುರುಗಳು ಮಂಗಳೂರಿಗೆ ಬಂದದ್ದು 1878ರ ಕೊನೆಯಲ್ಲಿ. 1880ರಲ್ಲಿ ಕಾಲೇಜು ಆರಂಭವಾಯಿತು, ಅದೇ ದಶಕದಲ್ಲಿ ಚಾಪೆಲ್ಲೂ ಎದ್ದಿತು. ಹೊರಗಿನಿಂದ ನೋಡಿದರೆ ಹೆಂಚಿನ ಮಾಡಿನ, ಕಮಾನುಗಳ, ಮರ್ಯಾದಸ್ಥ ಕಟ್ಟಡ, ಅಷ್ಟೇ. ಒಳಗೆ ಕಾಲಿಟ್ಟವರು ಮಾತ್ರ ತಟ್ಟನೆ ದನಿ ತಗ್ಗಿಸುತ್ತಾರೆ, ಏಕೆಂದರೆ ಗೋಡೆ, ಕಮಾನು, ಛಾವಣಿ ಎಲ್ಲವೂ ಚಿತ್ರಗಳಿಂದ ತುಂಬಿಕೊಂಡಿವೆ. ಅವುಗಳನ್ನು ಬರೆದವನು ಇಟಲಿಯ ಬೆರ್ಗಾಮೊ ಬಳಿಯ ಸ್ಟೆಜ್ಜಾನೊ ಎಂಬ ಊರಿನಲ್ಲಿ 1854ರಲ್ಲಿ ಹುಟ್ಟಿದ ಅಂತೋನಿಯೊ ಮೊಸ್ಕೇನಿ. ಬೆರ್ಗಾಮೊದ ಕರಾರಾ ಕಲಾಶಾಲೆಯಲ್ಲಿ ಕಲಿತು ಚಿತ್ರಕಾರನಾಗಿ ಹೆಸರು ಮಾಡಿದ ಮೇಲೆ ಯೇಸುಸಭೆಯನ್ನು ಸೇರಿದ ಈತ ಪಾದ್ರಿಯಾಗಲಿಲ್ಲ, ಬ್ರದರ್ ಆಗಿಯೇ ಉಳಿದ. ಇಲ್ಲಿ ಬರೆಯಲು ತೊಡಗಿದ್ದು 1899ರಲ್ಲಿ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ.

ಛಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿವೆ, ಗೋಡೆಯವು ಫ್ರೆಸ್ಕೊ. ಈ ವ್ಯತ್ಯಾಸವನ್ನು ನೀನು ಗಮನಿಸಬೇಕು. ಫ್ರೆಸ್ಕೊ ಎಂದರೆ ಹಸಿ ಗಾರೆಯ ಮೇಲೆ ಬರೆಯುವ ಚಿತ್ರ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಕೂಡಿಸಿದ ಗಾರೆಯನ್ನು ಒಂದು ದಿನದಲ್ಲಿ ಬರೆದು ಮುಗಿಸಬಹುದಾದಷ್ಟು ಜಾಗಕ್ಕೆ ಮಾತ್ರ ಬಳಿದು, ಅದು ಒಣಗುವುದರೊಳಗೆ ಬರಿಯ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚುತ್ತಾರೆ. ಬಣ್ಣಕ್ಕೆ ಅಂಟು ಬೇಕಿಲ್ಲ. ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮರಳಿ ಕಲ್ಲಾಗುವಾಗ ಬಣ್ಣದ ಕಣಗಳನ್ನೂ ತನ್ನೊಳಗೆ ಸೇರಿಸಿಕೊಂಡುಬಿಡುತ್ತದೆ. ಕೈ ತಪ್ಪಿದರೆ ಅಳಿಸಲಾಗದು, ಆ ತುಂಡು ಗಾರೆಯನ್ನೇ ಕೆತ್ತಿ ತೆಗೆದು ಹೊಸದಾಗಿ ಬಳಿಯಬೇಕು. ನಮ್ಮ ಕರಾವಳಿಯ ಮಳೆಗಾಲದ ತೇವದ ಗಾಳಿಯಲ್ಲಿ ಗಾರೆ ಆರುವ ಲೆಕ್ಕ ಇಟಲಿಯಲ್ಲಿ ಕಲಿತ ಲೆಕ್ಕಕ್ಕಿಂತ ಬೇರೆಯೇ ಇರಬೇಕು. ಪರದೇಶದಿಂದ ಬಂದ ಆ ಮನುಷ್ಯನಿಗೆ ನಮ್ಮ ಗಾಳಿಯ ಗುಣವೂ ತಿಳಿಯಬೇಕಾಗಿತ್ತು ಎಂದು ಯೋಚಿಸಿದಾಗ ನನಗೆ ಅವನ ಮೇಲೆ ಗೌರವ ಹೆಚ್ಚುತ್ತದೆ.

ಇನ್ನು ನಿಮ್ಮ ಗುಡಿಯ ಗೋಡೆಯನ್ನು ನೆನಪಿಸಿಕೋ. ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಬೆರೆಸಿ ಕೊಳೆಹಾಕಿ, ಕುಟ್ಟಿ, ಬಿಳಿಯ ಗಾರೆ ಬಳಿದು, ಅದರ ಮೇಲೆ ಕೆಮ್ಮಣ್ಣಿನ ತೆಳು ಪದರ ಕೊಟ್ಟು, ಹಸಿ ಇರುವಾಗಲೇ ಕಂಟವೆಂಬ ಮೊನಚಾದ ಉಪಕರಣದಿಂದ ಗೀರಿ ಒಳಗಿನ ಬಿಳುಪನ್ನು ಹೊರತರುವುದೇ ಕಾವಿ ಕಲೆಯಲ್ಲವೇ? ಮೊಸ್ಕೇನಿ ಬಣ್ಣ ಸೇರಿಸುತ್ತ ಹೋದ, ನಿಮ್ಮವರು ಕೆಂಪನ್ನು ತೆಗೆಯುತ್ತ ಹೋದರು. ಗಡುವು ಹಾಕಿದ್ದು ಮಾತ್ರ ಇಬ್ಬರಿಗೂ ಸುಣ್ಣವೇ.

ಚಿತ್ರಗಳ ವಿಷಯಕ್ಕೂ ಬರುತ್ತೇನೆ. ಈ ಕಾಲೇಜಿಗೆ ಹೆಸರು ಕೊಟ್ಟ ಸಂತ, ಇಟಲಿಯ ಕಾಸ್ತಿಲ್ಯೋನೆಯ ಮಾರ್ಕ್ವಿಸ್ ಎಂಬ ಬಿರುದಿನ ಶ್ರೀಮಂತ ಮನೆತನದಲ್ಲಿ 1568ರಲ್ಲಿ ಹುಟ್ಟಿದ ಅಲೋಶಿಯಸ್ ಗೊನ್ಜಾಗ ಹಿರಿಯ ಮಗನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು 1585ರಲ್ಲಿ ಯೇಸುಸಭೆಯನ್ನು ಸೇರಿದವನು. ರೋಮಿನಲ್ಲಿ ಪ್ಲೇಗ್ ಹರಡಿದಾಗ ರೋಗಿಗಳ ಸೇವೆ ಮಾಡುತ್ತ ತಾನೂ ಸೋಂಕು ತಗುಲಿಸಿಕೊಂಡು 1591ರಲ್ಲಿ 23ರ ವಯಸ್ಸಿಗೆ ಕಣ್ಮುಚ್ಚಿದ. ಆ ಸೇವೆಯ ಚಿತ್ರ ಇಲ್ಲಿದೆ. ಅದರ ಮುಂದೆ ನಾನು ಹೆಚ್ಚು ಹೊತ್ತು ನಿಂತೆ. ಮೊಸ್ಕೇನಿ ಅದನ್ನು ಬರೆಯುವ ಹೊತ್ತಿಗೆ, 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ದೇಶದ ಹಲವು ಕಡೆ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಅಂದು ಈ ಬೆಂಚುಗಳ ಮೇಲೆ ಕುಳಿತು ಆ ಚಿತ್ರವನ್ನು ನೋಡಿದ ಹುಡುಗರಿಗೆ ಅದು ಮುನ್ನೂರು ವರ್ಷ ಹಿಂದಿನ ಕಥೆಯಾಗಿ ಕಂಡಿರಲಾರದು.

ಅಜ್ಜನಿಗೆ ಹೇಳಬೇಕಾದದ್ದು ಇದು. ಚಾಪೆಲ್ಲಿನ ಚಿತ್ರಗಳಿಗೂ ಕಾಲದ ಪೆಟ್ಟು ಬಿದ್ದಿತ್ತು, 1991ರಿಂದ 94ರವರೆಗೆ ಪರಂಪರೆಯ ಸಂರಕ್ಷಣೆಗೆ ದುಡಿಯುವ ಇನ್‌ಟ್ಯಾಕ್ ಸಂಸ್ಥೆಯ ತಜ್ಞರು ಅವುಗಳನ್ನು ಸಂರಕ್ಷಿಸಿದರು. ಚಿತ್ರ ಮಾಸಿತೆಂದು ಯಾರೂ ಅದರ ಮೇಲೆ ಹೊಸ ಬಣ್ಣ ಬಳಿಯಲಿಲ್ಲ. ಸುಣ್ಣದ ಗೋಡೆ ಉಸಿರಾಡುವ ಗೋಡೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಬೆರೆತ ಬಣ್ಣವನ್ನೋ ಸಿಮೆಂಟನ್ನೋ ಹೊದಿಸಿದರೆ ತೇವ ಒಳಗೇ ಉಳಿದು, ಉಪ್ಪು ಕಟ್ಟಿ, ಗಾರೆ ಪದರ ಪದರವಾಗಿ ಉದುರುತ್ತದೆ. ಹೊಸ ಬಣ್ಣ ಬೀಳುವಾಗ ತನ್ನ ಜೊತೆ ಹಳೆಯ ಚಿತ್ರವನ್ನೂ ಕಿತ್ತುಕೊಂಡೇ ಬೀಳುತ್ತದೆ.

ಬಣ್ಣದ ಕೆಲಸ ನಿಶ್ಚಯವಾಗುವ ಮೊದಲು ಅಜ್ಜನನ್ನು ಒಮ್ಮೆ ಇಲ್ಲಿಗೆ ಕರೆದುಕೊಂಡು ಬಾ. ರೈಲು ನಿಲ್ದಾಣಕ್ಕೆ ನಾನೇ ಬರುತ್ತೇನೆ. ಅದಕ್ಕೂ ಮುನ್ನ ಗುಡಿಯ ಗೋಡೆಗೆ ಪಕ್ಕದಿಂದ ಟಾರ್ಚಿನ ಬೆಳಕು ಹಿಡಿದು, ಒಂದು ದಿನದ ಗಾರೆ ಮುಗಿದು ಮರುದಿನದ್ದು ಶುರುವಾದ ಕೂಡುಗೆರೆ ಎಲ್ಲಾದರೂ ಕಾಣುತ್ತದೆಯೇ ಎಂದು ನೋಡಿ ಬರೆ.

ನಿನ್ನ ಗೆಳೆಯ