ಹಾಳೆ ತಟ್ಟೆ ಮೆಷಿನ್ನಿನ ಕಂಟ್ರೋಲ್ ಬಾಕ್ಸ್ ಇನ್ನು 24 ವೋಲ್ಟ್

ಮಾನ್ಯ ಗ್ರಾಹಕರೇ,

ನಮಸ್ಕಾರ. ಈ ದೀಪಾವಳಿ ಕಳೆದ ಮೇಲೆ ನಮ್ಮಿಂದ ಹೋಗುವ ಅಡಿಕೆ ಹಾಳೆ ತಟ್ಟೆ ಮೆಷಿನ್ನಿನ ಕಂಟ್ರೋಲ್ ಬಾಕ್ಸುಗಳಲ್ಲಿ ಎರಡು ಮುಖ್ಯ ಬದಲಾವಣೆಗಳಿರುತ್ತವೆ. ಹೈಡ್ರಾಲಿಕ್ ವಾಲ್ವನ್ನು ನಡೆಸುವ ಕಾಯಿಲ್ಲಿಗೆ (ತಂತಿಯ ಸುರುಳಿಗೆ) 230 ವೋಲ್ಟ್ ಎಸಿ ಬದಲು 24 ವೋಲ್ಟ್ ಡಿಸಿ ಹೋಗುತ್ತದೆ. ಅಚ್ಚಿನ ಹೀಟರುಗಳನ್ನು ರಿಲೇ ಬದಲು ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ, ಅಂದರೆ ಚಲಿಸುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ನಡೆಸುತ್ತದೆ. ಬಾಕ್ಸಿನ ಬೆಲೆ 1,800 ರೂಪಾಯಿ ಹೆಚ್ಚಾಗುತ್ತದೆ. ಬೆಲೆಯ ಮಾತನ್ನು ಕೊನೆಯ ಸಾಲಿನಲ್ಲಿ ತೂರಿಸುವುದು ಬೇಡವೆಂದು ಮೊದಲೇ ಬರೆದಿದ್ದೇವೆ.

ಪ್ರತಿ ವರ್ಷ ಫೆಬ್ರವರಿ, ಮಾರ್ಚ್ ಬಂತೆಂದರೆ ನಮ್ಮ ಫೋನಿಗೆ ಬಿಡುವಿಲ್ಲ. ಹಾಳೆ ಬೀಳುವ ಕಾಲ, ಮೆಷಿನ್ ಓಡಲೇಬೇಕಾದ ಕಾಲ, ಆಗಲೇ "ಕಾಯಿಲ್ ಸುಟ್ಟುಹೋಯ್ತು ಮಾರಾಯ್ರೆ" ಎಂಬ ಕರೆ. ಮೊದಲೆರಡು ವರ್ಷ ನಾವು ಕಾಯಿಲ್ ಮಾರಿದ ಅಂಗಡಿಯವರನ್ನು ಬೈದೆವು. ಅಂಗಡಿ ಬದಲಿಸಿದೆವು. ಹೊಸ ಅಂಗಡಿಯ ಕಾಯಿಲ್ಲೂ ಸುಟ್ಟಿತು. ಕೊನೆಗೆ ತೀರ್ಥಹಳ್ಳಿ ಕಡೆಯ ಒಬ್ಬರ ಶೆಡ್ಡಿಗೆ ಮೀಟರ್ ಹಿಡಿದು ಹೋಗಿ ಒಂದು ದಿನ ಪೂರ್ತಿ ಕೂತೆವು. ಬೆಳಗ್ಗೆ 228 ವೋಲ್ಟ್ ಇತ್ತು. ತ್ರೀ ಫೇಸ್ ಕರೆಂಟು ಬಂದು, ಸುತ್ತಲಿನ ತೋಟಗಳ ಮೋಟರುಗಳೆಲ್ಲ ಶುರುವಾದ ಮೇಲೆ 172. ವಾಲ್ವು ಗುಂಯ್ ಎನ್ನತೊಡಗಿತು. ಕಾಯಿಲ್ಲಿನ ಮೇಲೆ ಕೈ ಇಡಲಾಗಲಿಲ್ಲ.

ಆಗುವುದು ಇಷ್ಟು. ಎಸಿ ಕಾಯಿಲ್ ಎಷ್ಟು ಕರೆಂಟು ಎಳೆಯುತ್ತದೆ ಎಂಬುದು ಅದರೊಳಗಿನ ಪ್ಲಂಜರ್ (ಕಾಯಿಲ್ ಎಳೆದುಕೊಳ್ಳುವ ಕಬ್ಬಿಣದ ಕಡ್ಡಿ) ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಪ್ಲಂಜರ್ ಹೊರಗಿರುವಾಗ ಕರೆಂಟು ಹಲವು ಪಟ್ಟು ಜಾಸ್ತಿ. ಅದು ಪೂರ್ತಿ ಒಳಗೆ ಬಂದು ಕೂತ ಮೇಲಷ್ಟೇ ಇಳಿಯುತ್ತದೆ. ಎಳೆಯುವ ಬಲವೋ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಕುಗ್ಗುತ್ತದೆ: 230ರ ಕಾಯಿಲ್ಲಿಗೆ 172 ಸಿಕ್ಕರೆ ಬಲ ಶೇಕಡಾ 56ರಷ್ಟೇ. ಪ್ಲಂಜರ್ ಅರ್ಧ ದಾರಿಯಲ್ಲಿ ನಿಲ್ಲುತ್ತದೆ, ಜಾಸ್ತಿ ಕರೆಂಟು ಹರಿಯುತ್ತಲೇ ಇರುತ್ತದೆ, ಕಾಯಿಲ್ ಸುಡುತ್ತದೆ. ಬೈಸಿಕೊಂಡ ಅಂಗಡಿಯವರದು ಏನೂ ತಪ್ಪಿರಲಿಲ್ಲ. ನಾಲ್ಕು ಕಾಸು ಉಳಿಸಲು ಎಸಿ ಕಾಯಿಲ್ ಆರಿಸಿದವರು ನಾವು.

ಡಿಸಿ ಕಾಯಿಲ್ಲಿನ ಕರೆಂಟು ಅದರ ತಂತಿಯ ರೆಸಿಸ್ಟೆನ್ಸಿನಿಂದ ನಿಗದಿಯಾಗುತ್ತದೆ. ಪ್ಲಂಜರ್ ಎಲ್ಲಿ ಸಿಕ್ಕಿಕೊಂಡರೂ ಅದು ಏರುವುದಿಲ್ಲ. ಇನ್ನು 24 ವೋಲ್ಟ್ ಕೊಡಲು ಹಾಕಿರುವ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ, ಲೈನಿನಲ್ಲಿ 100 ಇರಲಿ 250 ಇರಲಿ, ಹೊರಗೆ 24 ವೋಲ್ಟನ್ನೇ ಕೊಡುತ್ತದೆ. ಮೇನ್ ಕಾಂಟ್ಯಾಕ್ಟರಿಗೂ (ಕಾಯಿಲ್ಲಿನಿಂದ ನಡೆಯುವ ದೊಡ್ಡ ಸ್ವಿಚ್ಚಿಗೂ) ಅದೇ 24 ವೋಲ್ಟ್ ಕಾಯಿಲ್ ಹಾಕಿದ್ದೇವೆ. ಕಾಂಟ್ಯಾಕ್ಟರುಗಳು ತಮ್ಮ ವೋಲ್ಟೇಜಿನ ಶೇಕಡಾ 85ರ ತನಕ ಸರಿಯಾಗಿ ಎಳೆಯಬೇಕೆಂದು ನಿಯಮ. 230ರ ಕಾಯಿಲ್ಲಿಗೆ ಅದು ಸುಮಾರು 195. ಅದಕ್ಕಿಂತ ಕೆಳಗೆ ಟಕಟಕ ಬಡಿದುಕೊಂಡರೆ ಅದನ್ನು ದೂರಿ ಫಲವಿಲ್ಲ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ವೋಲ್ಟೇಜ್ ಬಿದ್ದಾಗ ಹೀಟರಿನ ಬಿಸಿಯೂ ಅದೇ ಶೇಕಡಾ 56ಕ್ಕೆ ಇಳಿಯುತ್ತದೆ, ಅಚ್ಚು ಕಾಯಲು ಹೆಚ್ಚು ಹೊತ್ತು ಬೇಕು. ಪಂಪಿನ ಮೋಟರೂ ಏದುಸಿರು ಬಿಡುತ್ತದೆ. ಇವೆರಡನ್ನೂ ನಮ್ಮ ಬಾಕ್ಸ್ ಸರಿಮಾಡುವುದಿಲ್ಲ. ಮೋಟರನ್ನು ಕಾಪಾಡುವ ಓವರ್‌ಲೋಡ್ ರಿಲೇ ಟ್ರಿಪ್ ಆದರೆ ಅದರ ಸೆಟ್ಟಿಂಗನ್ನು ಮೇಲಕ್ಕೆ ತಿರುಗಿಸಬೇಡಿ, ವೋಲ್ಟೇಜ್ ಏರುವ ತನಕ ಕಾಯಿರಿ.

ಈಗ ಹೀಟರಿನ ವಿಷಯ. ಹಳೆಯ ಬಾಕ್ಸಿನ ಸಣ್ಣ ರಿಲೇಗೆ ಕ್ಯಾಟಲಾಗಿನಲ್ಲಿ ಕೊಟ್ಟ ಆಯುಸ್ಸು ಪೂರ್ತಿ ಲೋಡಿನಲ್ಲಿ ಒಂದು ಲಕ್ಷ ಸಲ. ಕೇಳಲು ದೊಡ್ಡ ಸಂಖ್ಯೆ. ನಿಮಿಷಕ್ಕೆ ಎರಡು ಸಲ ಆನ್ ಆದರೆ ಎಂಟು ಗಂಟೆಗೆ 960. ನೂರನಾಲ್ಕು ದಿನಕ್ಕೆ ಲಕ್ಷ ಮುಗಿಯಿತು. ಅಲ್ಲಿಗೆ ಒಂದು ಸೀಸನ್. ಸವೆದ ಕಾಂಟ್ಯಾಕ್ಟು ಅಂಟಿಕೊಂಡರೆ ಅಚ್ಚು ಕಾಯುತ್ತಲೇ ಹೋಗಿ ತಟ್ಟೆ ಕಂದುತ್ತದೆ. ಎಸ್‌ಎಸ್‌ಆರ್‌ನಲ್ಲಿ ಕಿಡಿ ಇಲ್ಲ, ಸವೆಯುವ ಕಾಂಟ್ಯಾಕ್ಟೂ ಇಲ್ಲ. ಆದರೆ ಅದಕ್ಕೂ ಒಂದು ಕೆಟ್ಟ ಗುಣವಿದೆ: ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಹೀಟರ್ ಆನ್ ಆಗಿಯೇ ಉಳಿಯುತ್ತದೆ. ಅದಕ್ಕಾಗಿ ಅಚ್ಚಿಗೆ ಬೇರೆ ಒಂದು ಥರ್ಮೋಸ್ಟ್ಯಾಟ್ ಕಟ್ಟಿದ್ದೇವೆ. ಬಿಸಿ ಮಿತಿ ಮೀರಿದರೆ ಅದು ಬೋರ್ಡಿನ ಚಿಪ್‌ನಲ್ಲಿರುವ ಪ್ರೋಗ್ರಾಮನ್ನು ಕೇಳದೆ ನೇರ ಕಾಂಟ್ಯಾಕ್ಟರನ್ನೇ ಬಿಡಿಸುತ್ತದೆ. ಎಮರ್ಜೆನ್ಸಿ ಸ್ಟಾಪ್ ಬಟನ್ನಿನ ವೈರಿಂಗೂ ಹಾಗೆಯೇ, ಆ ಚಿಪ್ ಮೂಲಕ ಹೋಗುವುದಿಲ್ಲ. ವೈರ್ ತುಂಡಾದರೂ ಮೆಷಿನ್ ನಿಲ್ಲುತ್ತದೆ.

ನಿಮ್ಮ ಎಲೆಕ್ಟ್ರಿಷಿಯನ್ನಿಗೆ ಇದನ್ನು ದಯವಿಟ್ಟು ಓದಿ ಹೇಳಿ: ಎಸ್‌ಎಸ್‌ಆರ್ ಆಫ್ ಇದ್ದಾಗಲೂ ಅದರಲ್ಲಿ ಕೆಲವು ಮಿಲಿ ಆಂಪಿಯರ್ ಸೋರುತ್ತದೆ. ಹೀಟರ್ ತಣ್ಣಗಿದೆ ಎಂದು ಟರ್ಮಿನಲ್ ಮುಟ್ಟಿದರೆ ಶಾಕ್ ಹೊಡೆಯಬಹುದು. ಮೇನ್ ಆಫ್ ಮಾಡಿಯೇ ಕೈ ಹಾಕಬೇಕು. ಎಸ್‌ಎಸ್‌ಆರ್ ಕೂತಿರುವ ಅಲ್ಯುಮಿನಿಯಂ ರೆಕ್ಕೆಗಳಿಗೆ ಹಾಳೆಯ ಧೂಳು ಮೆತ್ತಿಕೊಳ್ಳದಂತೆ ವಾರಕ್ಕೊಮ್ಮೆ ಬ್ರಶ್ ಆಡಿಸಿ. 4 ಆಂಪಿಯರಿಗೆ ಅದು 4–5 ವಾಟ್ ಬಿಸಿ ಕಕ್ಕುತ್ತದೆ.

ಒಂದು ಬದಲಾವಣೆ ಕೆಲವರಿಗೆ ಸಿಟ್ಟು ತರಿಸಬಹುದು. ಅಚ್ಚಿಗೆ ಕೈ ಸಿಕ್ಕದಿರಲೆಂದು ಇನ್ನು ಮೇಲೆ ಎರಡು ಕೈಯ ಬಟನ್ನುಗಳನ್ನು ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಬೇಕು, ಪ್ರತಿ ತಟ್ಟೆಗೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ಒಂದು ಬಟನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಇನ್ನು ಅದು ನಡೆಯುವುದಿಲ್ಲ. ಈ ಕೆಲಸಕ್ಕೆ ನಾವು ದುಡ್ಡು ಸೇರಿಸಿಲ್ಲ, ತೆಗೆಸಿಕೊಡಿ ಎಂದರೆ ತೆಗೆಯುವುದೂ ಇಲ್ಲ.

ಟಚ್ ಸ್ಕ್ರೀನ್ ಇರುವ ಪಿಎಲ್‌ಸಿ (ಕಾರ್ಖಾನೆಯ ಮೆಷಿನ್ ನಡೆಸುವ ಸಣ್ಣ ಕಂಪ್ಯೂಟರ್) ಯಾಕಿಲ್ಲ ಎಂದು ಕೇಳುವವರಿದ್ದಾರೆ. ನಾಲ್ಕೈದು ಇನ್‌ಪುಟ್, ಒಂದು ಟೈಮರ್, ಬಿಸಿಯ ಲೆಕ್ಕ, ಇಷ್ಟಕ್ಕೆ ಅದು ಬೇಕಿಲ್ಲ. ನಮ್ಮ ಬಾಕ್ಸಿನ ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. ಬೋರ್ಡೊಂದನ್ನು ಬಿಟ್ಟು ಉಳಿದುದನ್ನು ನಿಮ್ಮೂರಿನ ಎಲೆಕ್ಟ್ರಿಷಿಯನ್ನೇ ಬದಲಿಸಬಹುದು.

ಹಳೆಯ ಬಾಕ್ಸ್ ಇದ್ದವರು ಗಾಬರಿಯಾಗಬೇಡಿ. ನಿಮ್ಮಲ್ಲಿ ಕಾಯಿಲ್ ಸುಡುತ್ತಿಲ್ಲ ಎಂದಾದರೆ ಏನೂ ಬದಲಿಸಬೇಡಿ, ರಿಪೇರಿ ಎಂದಿನಂತೆ ಮಾಡಿಕೊಡುತ್ತೇವೆ. ಬದಲಿಸಬೇಕೆಂದಿರುವವರು ಮೊದಲು ವಾಲ್ವಿನ ಮೇಲಿನ ನೇಮ್ ಪ್ಲೇಟಿನ ಫೋಟೊ ವಾಟ್ಸ್ಯಾಪ್ ಮಾಡಿ. ಕೆಲವು ವಾಲ್ವುಗಳಲ್ಲಿ ಕಾಯಿಲ್ ಮಾತ್ರ ಸಾಲದು, ಪ್ಲಂಜರ್ ಓಡಾಡುವ ಒಳಗಿನ ಟ್ಯೂಬೂ ಡಿಸಿಯದೇ ಬೇಕು. ಅದು ನೋಡಿ ಖರ್ಚು ಎಷ್ಟೆಂದು ಹೇಳುತ್ತೇವೆ. ಹೊಸ ಕಾಯಿಲ್ಲಿನ ಪ್ಲಗ್ಗಿನೊಳಗೆ ಡಯೋಡ್ ಇದೆ, ಪ್ಲಸ್ ಮೈನಸ್ ತಿರುವುಮುರುವಾದರೆ ಫ್ಯೂಸ್ ಹೋಗುತ್ತದೆ. ಕಪಾಟಿನಲ್ಲಿ ಉಳಿದಿರುವ 230ರ ಕಾಯಿಲ್ಲುಗಳಿಗೆ ಕೆಂಪು ಟೇಪು ಸುತ್ತಿ ಬೇರೆ ಇಡಿ. ಉಪಯೋಗಿಸದೆ ಇರುವುದನ್ನು ಕೊಂಡ ಬೆಲೆಗೇ ವಾಪಸ್ ತೆಗೆದುಕೊಳ್ಳುತ್ತೇವೆ.

ಕಾರ್ತಿಕ ಮುಗಿಯುವುದರೊಳಗೆ ತಿಳಿಸಿದವರ ಕೆಲಸ ಹಾಳೆ ಬೀಳುವ ಮೊದಲು ಮುಗಿಯುತ್ತದೆ. ನಾವಿರುವುದು ನಾಲ್ಕೇ ಜನ. ಫೆಬ್ರವರಿಯಲ್ಲಿ ಫೋನ್ ಮಾಡಿದರೆ ಸರದಿಯಲ್ಲಿ ಕಾಯಬೇಕಾದೀತು.

ಇಂತಿ,
ನಿಮ್ಮ ಕಂಟ್ರೋಲ್ ಬಾಕ್ಸ್ ಕಟ್ಟುವವರು
ಮಾಚೇನಹಳ್ಳಿ, ಶಿವಮೊಗ್ಗ