ಕೊಟ್ಟಿಗೆಯೂ ಕೆಂಪು ಬಟ್ಟೆಯೂ

ಕ್ಯಾತಸಂದ್ರ, ತುಮಕೂರು
ಭಾನುವಾರ ಸಂಜೆ

ಪ್ರೀತಿಯ ಗೆಳೆಯಾ,

ನೀನು ಹೋಗಿ ಮೂರು ವಾರ ಆಯ್ತು. ಕೊಟ್ಟಿಗೆ ಇನ್ನೂ ನೀನು ಓರಣ ಮಾಡಿ ಬಿಟ್ಟು ಹೋದ ಹಾಗೇ ಇದೆ. ನೀನು ನಂಬಲ್ಲ, ಗೊತ್ತು. ಇವಳೂ ನಂಬಲಿಲ್ಲ. ಮೊದಲ ವಾರ ದಿನಾ ಸಂಜೆ ಕಾಫಿ ಲೋಟ ಹಿಡಿದುಕೊಂಡು ಬಂದು ಇಣುಕಿ ನೋಡಿ ಹೋಗುತ್ತಿದ್ದಳು. ಈಗ ಇಣುಕುವುದನ್ನು ಬಿಟ್ಟಿದ್ದಾಳೆ. ಲೋಟ ಇಡುವುದಕ್ಕೆ ಬೆಂಚಿನ ಮೇಲೆ ಜಾಗ ಇದೆಯಲ್ಲ, ಇಟ್ಟು ಹೋಗುತ್ತಾಳೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಒಂದು ವಿಷಯ ಇದೆ, ಅದನ್ನು ಹೇಳುವಾಗ ನೀನು ನಡುವೆ ಬಾಯಿ ಹಾಕಿದರೆ ನಾನು ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಈ ಪತ್ರ.

ಆ ಶನಿವಾರ ನೀನು ರೈಲಿಳಿದು ಬಂದಾಗ, ಬಾಗಿಲು ತೆಗೆಯುವುದಕ್ಕೇ ನಾನು ಎಷ್ಟು ಹೊತ್ತು ಸತಾಯಿಸಿದೆ ನೆನಪಿದೆಯಾ? ಮೊದಲು ತಟ್ಟೆ ಇಡ್ಲಿ ತಿನ್ನೋಣ ಅಂದೆ. ಆಮೇಲೆ ಇನ್ನೊಂದು ಕಾಫಿ ಅಂದೆ. ಆಮೇಲೆ ಮಠದ ಕಡೆ ಹೋಗಿ ಬರೋಣವಾ ಅಂದೆ. ನೀನು ಬೀಗದ ಕೈ ಎಲ್ಲಿ ಅಂತ ಇವಳನ್ನೇ ಕೇಳಿದೆ. ಬಾಗಿಲು ಅರ್ಧ ತೆರೆದುಕೊಂಡಿತು. ಇನ್ನರ್ಧ ತೆರೆಯದ ಹಾಗೆ ಹಿಂದೆ ಫ್ಯಾನಿನ ರೆಕ್ಕೆಗಳು ಒರಗಿದ್ದವು.

ಅಪ್ಪನ ಕಾಲದಲ್ಲಿ ಅಲ್ಲಿ ಎರಡು ಸೀಮೆಹಸು ಇದ್ದವು. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಮೇಲೆ ಶೀಟು. ಎರಡು ಹಸು ಆರಾಮಾಗಿ ಇದ್ದ ಜಾಗದಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರು ತಿರುಗಲಾಗದ ಸ್ಥಿತಿಗೆ ತಂದಿದ್ದೆ. ಗೋದಲಿ ಮೇಲೆ ಹಲಗೆ ಹಾಕಿ ರೇಡಿಯೋಗಳನ್ನು ಪೇರಿಸಿದ್ದೆ. ನೀನು ಒಳಗೆ ಬಂದು, ಒಂದು ಸುತ್ತು ನೋಡಿ, ಬೈಯಲಿಲ್ಲ. ಅದೇ ನನಗೆ ಜಾಸ್ತಿ ಭಯ ಆಗಿದ್ದು.

ಬೇಕಾ ಬೇಡ್ವಾ ಅಂತ ನೀನು ಕೇಳುತ್ತೀಯ ಅಂದುಕೊಂಡಿದ್ದೆ. ಅದಕ್ಕೆ ಉತ್ತರ ರೆಡಿ ಮಾಡಿಕೊಂಡಿದ್ದೆ. ಪ್ರತಿ ತಂತಿ ಚೂರಿಗೂ ನನ್ನ ಹತ್ತಿರ ಒಂದು ಕಾರಣ ಇರುತ್ತದೆ. ನೀನು ಇವಳ ಹತ್ತಿರ ಹೋಗಿ, ಯಾವುದಾದರೂ ಕೆಂಪು ಬಟ್ಟೆ ಇದೆಯಾ ತಂಗಿ ಅಂದೆ. ಬಾಗಿನದಲ್ಲಿ ಬಂದ ರವಿಕೆ ಕಣಗಳು ಬೀರುವಿನಲ್ಲಿ ಒಂದು ರಾಶಿ ಇವೆ, ಯಾರೂ ಹೊಲಿಸುವುದಿಲ್ಲ, ಇನ್ನೊಬ್ಬರಿಗೆ ದಾಟಿಸುತ್ತಾರೆ ಅಷ್ಟೆ. ಅದರಲ್ಲಿ ಒಂದನ್ನು ನೀನು ಉದ್ದುದ್ದ ಹರಿದು ಇಟ್ಟುಕೊಂಡೆ. ಪೀಣ್ಯದ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಮಾಡಿದ್ದು ಇದನ್ನೇ ಕಣೋ, ಬೇಡ ಅನ್ನಿಸಿದ್ದಕ್ಕೆ ಕೆಂಪು ಚೀಟಿ, ಇದು ಜಪಾನಿನವರ ಪಾಠ ಅಂದೆ. ಐದು ‘ಎಸ್’ ಅಂತ ಬೆರಳು ಮಡಚಿ ಹೇಳಿದೆಯಲ್ಲ: ಸೇರಿ, ಸೇಟೋನ್, ಸೇಸೋ, ಸೇಕೆತ್ಸು, ಶಿತ್ಸುಕೆ. ಉಳಿದ ನಾಲ್ಕು ನನಗೆ ಆವತ್ತೇ ಮರೆತುಹೋಗಿ, ಇದನ್ನು ಬರೆಯುವುದಕ್ಕೆ ಮಗಳನ್ನು ಕೇಳಬೇಕಾಯಿತು. ಮೊದಲನೆಯದು ಮಾತ್ರ ಮರೆಯಲಿಲ್ಲ. ಜಪಾನಿಯಲ್ಲಿ ಸೇರಿ ಅಂದರೆ ಬೇಡದ್ದನ್ನು ಬೇರೆ ಮಾಡಿ ತೆಗೆಯೋದು. ನಾನು ಇಷ್ಟು ವರ್ಷ ಕನ್ನಡದ ‘ಸೇರಿ’ ಮಾಡುತ್ತಿದ್ದೆ. ಇದರ ಜೊತೆ ಅದೂ ಸೇರಿ, ಅದರ ಜೊತೆ ಇನ್ನೊಂದೂ ಸೇರಿ.

ಬೇಕಾ ಅಂತ ನೀನು ಒಂದು ಸಲವೂ ಕೇಳಲಿಲ್ಲ. ಪ್ರತಿಯೊಂದನ್ನೂ ಎತ್ತಿ ಹಿಡಿದು, ‘ಇದು ಯಾರದ್ದು?’ ಅಂದೆ.

ಮಿಕ್ಸಿ? ಪಕ್ಕದ ಮನೆಯವರದ್ದು. ಈ ಆಂಪ್ಲಿಫೈಯರ್? ಭಜನೆ ಮಂಡಳಿಯದ್ದು. ಹೊಲಿಗೆ ಮೆಷಿನ್ನಿನ ಮೋಟಾರು? ಬಟವಾಡಿ ಟೈಲರ್‌ದು. ಆ ಮರ್ಫಿ ರೇಡಿಯೋ? ನಾನು ಸುಮ್ಮನಾದೆ. ನೀನು ಕೆಂಪು ಬಟ್ಟೆ ಕಟ್ಟುತ್ತಾ ಹೋದೆ. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಹದಿನಾಲ್ಕು ಸಾಮಾನು ಕೆಂಪು ಪಟ್ಟಿ ಕಟ್ಟಿಕೊಂಡು ಸಾಲಾಗಿ ನಿಂತಿದ್ದವು, ಜಾತ್ರೆಗೆ ಹೊರಟ ಎತ್ತುಗಳ ಹಾಗೆ. ಒಂದೂ ನನ್ನದಲ್ಲ! ನನ್ನ ಸಾಮಾನು ಜಾಸ್ತಿ, ಜಾಗ ಸಣ್ಣದು ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅಲ್ಲಿ ತುಂಬಿದ್ದು ಸಾಮಾನಲ್ಲ, ನಾನು ‘ಮುಂದಿನ ವಾರ ಮಾಡಿಕೊಡ್ತೀನಿ’ ಅಂದ ಮಾತುಗಳು.

ಬ್ಯಾಟರಿ ವಿಷಯಕ್ಕೆ ಬೈದೆಯಲ್ಲ, ಅದು ಸರಿಯಾಗೇ ಬೈದೆ. ಹಳೇ ಮೊಬೈಲಿನ ಏಳು ಲಿಥಿಯಂ ಬ್ಯಾಟರಿ, ಅದರಲ್ಲಿ ಒಂದು ಹಪ್ಪಳದ ಹಾಗೆ ಉಬ್ಬಿಕೊಂಡಿದೆ, ಎಲ್ಲ ಒಂದೇ ಬಿಸ್ಕತ್ ಡಬ್ಬದಲ್ಲಿ, ಮೇಲೆ ಒಂದು ಹಿಡಿ ಮೊಳೆ. ಎರಡು ತುದಿಗೆ ಒಂದು ಮೊಳೆ ತಾಗಿದರೆ ಸಾಕಿತ್ತು. ಅದರಡಿಗೇ ತಿನ್ನರ್ ಡಬ್ಬ. ಮೇಲೆ ಏಪ್ರಿಲ್ ಬಿಸಿಲಿಗೆ ಕಾದ ಶೀಟು. ಮೂವತ್ತು ವರ್ಷ ಮಕ್ಕಳಿಗೆ ಶಾರ್ಟ್ ಸರ್ಕ್ಯೂಟ್ ಅಂದರೆ ಏನು ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದವನು ನಾನು. ನೀನು ಹೇಳಿದ ಹಾಗೆ ತುದಿಗಳಿಗೆ ಟೇಪ್ ಸುತ್ತಿ, ಮರಳು ತುಂಬಿದ ಮಡಕೆಯಲ್ಲಿ ಒಂದೊಂದೇ ಬಿಡಿಬಿಡಿಯಾಗಿ ಹೂತು ಹೊರಗಿಟ್ಟಿದ್ದೆ. ಹೋದ ವಾರ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟೆ. ಮಡಕೆಗೆ ಇವಳು ತುಳಸಿ ಹಾಕುತ್ತೇನೆ ಅಂದಳು. ಬೇಡ ಕಣೇ ಅಂದೆ.

ಬೆಂಚು ಎತ್ತರ ಮಾಡಿದ್ದು ಎಂಥ ಕೆಲಸ ಮಾರಾಯ! ಅದು ಹಳೇ ಊಟದ ಮೇಜು, 30 ಇಂಚು. ಕೂತು ಉಣ್ಣುವುದಕ್ಕೆ ಸರಿ, ನಿಂತು ಕೆಲಸ ಮಾಡುವುದಕ್ಕೆ ಅಲ್ಲ. ಬೆನ್ನು ನೋವಿಗೆ ನಾನು ವಯಸ್ಸನ್ನು ಬೈಯುತ್ತಿದ್ದೆ. ನೀನು ನನ್ನನ್ನು ನೇರ ನಿಲ್ಲಿಸಿ, ಕೈ ಇಳಿಬಿಡು ಅಂದು, ನೆಲದಿಂದ ಮಣಿಕಟ್ಟಿನವರೆಗೆ ಅಳೆದೆ. 34 ಇಂಚು. ಹಳೇ ತೊಲೆಯಿಂದ ನಾಲ್ಕು ದಿಮ್ಮಿ ಕೊಯ್ದು, ನಡುವೆ ಗುಳಿ ಮಾಡಿ, ಮೇಜು ನಾಲ್ಕಿಂಚು ಏಳುವ ಹಾಗೆ ಕಾಲು ಕೂರಿಸಿದೆ. ಈಗ ಕೀಸುಳಿ ಹಿಡಿದರೆ ತೋಳಿನ ಬಲ ಅಲ್ಲ, ಮೈ ಭಾರವೇ ಹೋಗಿ ಮರದ ಮೇಲೆ ಕೂರುತ್ತದೆ. ಹೆರೆ ಉಂಗುರ ಉಂಗುರವಾಗಿ ಬರುತ್ತಿದೆ.

ಆ ಕೀಸುಳಿ ಅಲಗಿನದ್ದೂ ಹೇಳಬೇಕು. ತಾತನದ್ದು ಅದು, ತುಕ್ಕು ಹಿಡಿದು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿ, ಬೆಳಿಗ್ಗೆ ತಂತಿ ಬ್ರಷ್ಷಿನಲ್ಲಿ ಉಜ್ಜಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿದೆ. ಸೋಡಾದಲ್ಲಿ ತೊಳೆಯದೆ ಬಿಟ್ಟರೆ ಉಳಿದ ಹುಳಿ ಮತ್ತೆ ತುಕ್ಕು ಎಬ್ಬಿಸುತ್ತದೆ ಅಂತ ನೀನು ಹೇಳದಿದ್ದರೆ ಹಾಳು ಮಾಡುತ್ತಿದ್ದೆ. ಹಿತ್ತಾಳೆ ಕೀಲುಗಳಿಗೆ ಮಾತ್ರ ನಮ್ಮ ಹುಣಸೆಹಣ್ಣೇ. ತುಮಕೂರಿನಲ್ಲಿ ಇದ್ದುಕೊಂಡು ಅದಕ್ಕೂ ಅಂಗಡಿ ಬಾಟಲಿ ತರುವುದಾ?

ಉಪ್ಪಿನಕಾಯಿ ಬಾಟಲಿಗಳು ಹಲಗೆ ಕೆಳಗೆ ನೇತಾಡುತ್ತಿವೆ. ಮುಚ್ಚಳವನ್ನು ಹಲಗೆಗೆ ಹೊಡೆದು, ಬಾಟಲಿ ತಿರುಗಿಸಿ ಸಿಕ್ಕಿಸುವುದು. ನಾನು ಉಳಿದ ನಾಲ್ಕಕ್ಕೆ ಆತುರದಲ್ಲಿ ಒಂದೊಂದೇ ಸ್ಕ್ರೂ ಹಾಕಿದೆ. ಬಾಟಲಿ ತಿರುಗಿಸಿದರೆ ಮುಚ್ಚಳವೂ ಜೊತೆಗೆ ಗಿರಗಿರ ಸುತ್ತುತ್ತದೆ. ನೀನು ಎಲ್ಲದಕ್ಕೂ ಎರಡೆರಡು ಯಾಕೆ ಹಾಕಿದ್ದೆ ಅಂತ ಆಗ ಗೊತ್ತಾಯಿತು. ಅಂದ ಹಾಗೆ ಅಳತೆ ಟೇಪು ಒಟ್ಟು ನಾಲ್ಕು ಸಿಕ್ಕಿವೆ. ಪ್ರತಿ ಸಲ ಸಿಗದೆ ಹೊಸದು ತಂದಿದ್ದೆ.

ಸರಿ, ಆ ಹದಿನಾಲ್ಕು ಸಾಮಾನು. ಮಾಡಿಕೊಡು, ಇಲ್ಲ ಹಾಗೇ ವಾಪಸ್ ಕೊಡು, ಎರಡೇ ದಾರಿ ಅಂದಿದ್ದೆ. ಐದನ್ನು ರಿಪೇರಿ ಮಾಡಿದೆ. ಮಿಕ್ಸಿಗೆ ಬರೀ ಕಾರ್ಬನ್ ಬ್ರಷ್ ಸವೆದಿತ್ತು, ಹತ್ತು ನಿಮಿಷದ ಕೆಲಸ, ಅದಕ್ಕೆ ನಾಲ್ಕು ವರ್ಷ ತೆಗೆದುಕೊಂಡಿದ್ದೆ. ಪಕ್ಕದ ಮನೆಯವರು ಅಷ್ಟರಲ್ಲಿ ಎರಡನೇ ಹೊಸ ಮಿಕ್ಸಿಯನ್ನೂ ಕೆಡಿಸಿಕೊಂಡಿದ್ದರು, ಖುಷಿಯಾಗಿ ತೆಗೆದುಕೊಂಡರು. ಟೈಲರ್, ‘ಅಯ್ಯೋ ಮೇಷ್ಟ್ರೇ, ಇದು ಕಳೆದೇ ಹೋಯ್ತು ಅಂದುಕೊಂಡಿದ್ದೆ’ ಅಂತ ಟೀ ತರಿಸಿದ. ನಾಚಿಕೆಯಾಯಿತು, ಆದರೂ ಕುಡಿದೆ.

ಮರ್ಫಿ ರೇಡಿಯೋ ನನ್ನ ಜೊತೆ ಕೆಲಸ ಮಾಡಿದ ಡ್ರಿಲ್ ಮೇಷ್ಟ್ರದ್ದು. ಅವರು ಹೋಗಿ ಎರಡು ವರ್ಷ ಆಯ್ತು. ಕಪಾಸಿಟರ್‌ಗಳು ಒಣಗಿದ್ದವು, ನಾಲ್ಕು ಬದಲಾಯಿಸಿದೆ, ಒಂದು ವಾಲ್ವ್ ಹುಡುಕಿ ತಂದೆ. ಹಾಡಿತು. ಗುಬ್ಬಿ ಗೇಟಿನ ಹತ್ತಿರ ಅವರ ಮನೆಗೆ ಆಟೋದಲ್ಲಿ ಇಟ್ಟುಕೊಂಡು ಹೋದೆ. ಮಗ ಬಾಗಿಲು ತೆಗೆದ, ರೇಡಿಯೋ ನೋಡಿದ, ಏನೂ ಕೇಳದೆ ಒಳಗೆ ಹೋಗಿ ಕಿಟಕಿ ಪಕ್ಕದ ಪ್ಲಗ್ಗಿಗೆ ಹಾಕಿದ. ಮುಳ್ಳು 612ರಲ್ಲೇ ಇತ್ತು, ಬೆಂಗಳೂರು ಆಕಾಶವಾಣಿ. ಅವರು ಇಟ್ಟಿದ್ದ ಹಾಗೇ, ನಾನು ತಿರುಗಿಸಿರಲಿಲ್ಲ. ಯಾವುದೋ ಕೃಷಿ ಕಾರ್ಯಕ್ರಮ ಬರುತ್ತಿತ್ತು. ಒಳಗಿಂದ ಅವರ ಹೆಂಡತಿ, ‘ಸೌಂಡು ಕಮ್ಮಿ ಮಾಡೋ’ ಅಂದರು. ನಾನು ಬೇಗ ಎದ್ದು ಬಂದೆ.

ಈಗ ಆ ವಿಷಯ.

ಹದಿನಾಲ್ಕು ಮುಗಿಸಿದ ದಿನ ಬೆಂಚಿನ ಡ್ರಾಯರ್ ಒರೆಸೋಣ ಅಂತ ಪೂರ್ತಿ ಹೊರಗೆಳೆದೆ. ಹಿಂದಿನ ಮೂಲೆಯಲ್ಲಿ ಒಂದು ಕವರು, ಅದಕ್ಕೆ ಕೆಂಪು ಪಟ್ಟಿ. ನೀನೇ ಕಟ್ಟಿದ ಗಂಟು. ಒಳಗೆ ನಿಮ್ಮಪ್ಪನ ಎಚ್‌ಎಂಟಿ ಜನತಾ ವಾಚು. ನೋಡಿಯೂ ನನ್ನ ಎದುರು ಹಿಡಿದು ‘ಯಾರದ್ದು?’ ಅಂತ ಕೇಳಲಿಲ್ಲ ನೀನು. ಕಟ್ಟಿ, ಅಲ್ಲೇ ಇಟ್ಟು, ಡ್ರಾಯರ್ ಮುಚ್ಚಿದೆ.

2020ರ ಜನವರಿಯಲ್ಲಿ ನೀನು ಕೊಟ್ಟಿದ್ದೆ ಅದನ್ನು. ದಿನಕ್ಕೆ ಐದು ನಿಮಿಷ ಹಿಂದೆ ಬೀಳುತ್ತೆ, ನೋಡು ಅಂತ. ಆಮೇಲೆ ಲಾಕ್‌ಡೌನ್ ಬಂತು, ನನಗೆ ಒಳ್ಳೇ ನೆಪ ಸಿಕ್ಕಿತು. ನಿಜ ಹೇಳುತ್ತೇನೆ ಕೇಳು. ನಾನು ಅದನ್ನು ಬಿಚ್ಚಿದ್ದೆ. ಬಿಚ್ಚಿ ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟೆ. ಗಡಿಯಾರಕ್ಕೆ ಎಣ್ಣೆ ಅಂದರೆ ಸೂಜಿ ಮೊನೆಯಲ್ಲಿ ನಿಲ್ಲುವಷ್ಟು, ಅದೂ ಚಕ್ರದ ಅಚ್ಚು ಕೂರುವ ಸಣ್ಣ ಕಲ್ಲಿನ ಗುಳಿಯಂಥ ಜಾಗದಲ್ಲಿ ಮಾತ್ರ. ನಾನು ಬಿಟ್ಟಿದ್ದು ಒಂದು ಹನಿ. ಅದು ಹರಿದು ಬ್ಯಾಲೆನ್ಸ್ ಚಕ್ರದ ಹೇರ್‌ಸ್ಪ್ರಿಂಗಿಗೆ, ಆ ಕೂದಲೆಳೆಯಂಥ ಸುರುಳಿಗೆ, ಮೆತ್ತಿಕೊಂಡಿತು. ಸುರುಳಿಗಳು ಒಂದಕ್ಕೊಂದು ಅಂಟಿದರೆ ಸ್ಪ್ರಿಂಗು ಗಿಡ್ಡ ಆದ ಹಾಗೆ, ವಾಚು ಹುಚ್ಚು ಕುದುರೆ ಥರ ಓಡುತ್ತದೆ. ಒಂದು ಗಂಟೆಯಲ್ಲಿ ಹತ್ತು ನಿಮಿಷ ಮುಂದೆ ಹೋಯಿತು. ಎರಡು ದಿನಕ್ಕೆ ನಿಂತೇ ಹೋಯಿತು. ನಿನಗೆ ಹೇಳಲಿಲ್ಲ. ನೀನೂ ಐದು ವರ್ಷ ಕೇಳಲಿಲ್ಲ.

ಹೋದ ಸೋಮವಾರ ಎಂ.ಜಿ. ರಸ್ತೆ ಕಡೆ ಒಬ್ಬ ಹಳಬರ ಹತ್ತಿರ ತೆಗೆದುಕೊಂಡು ಹೋದೆ. ನಮ್ಮೂರ ವಾಚ್ ಫ್ಯಾಕ್ಟರಿಯಲ್ಲಿ ಇದ್ದವರು. 2016ರಲ್ಲಿ ವಾಚ್ ಕಂಪನಿ ಮುಚ್ಚುವ ತೀರ್ಮಾನ ಆಯಿತು, ಜಾಗ ಇಸ್ರೋಗೆ ಹೋಯಿತು, ಇವರು ಮಾತ್ರ ಮೆಟ್ಟಿಲ ಕೆಳಗಿನ ಒಂದು ಮೇಜಿನಲ್ಲಿ ಇನ್ನೂ ಅದೇ ಕೆಲಸ ಮಾಡುತ್ತಿದ್ದಾರೆ. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದರು. ಒಂದು ಕ್ಷಣ ಸುಮ್ಮನಿದ್ದರು. ‘ಯಾರು ಸ್ವಾಮಿ ಇದಕ್ಕೆ ಹೊಲಿಗೆ ಮೆಷಿನ್ ಎಣ್ಣೆ ಹಾಕಿದ್ದು?’ ಅಂದರು. ಯಾರೋ ಗೊತ್ತಿಲ್ಲ ಅಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಏನೂ ಕೇಳಲಿಲ್ಲ.

ಎಲ್ಲ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, 17 ಕಲ್ಲಿನಲ್ಲಿ ಎಲ್ಲೆಲ್ಲಿ ಬೇಕೋ ಅಲ್ಲಿ ಮಾತ್ರ, ಎಷ್ಟು ಬೇಕೋ ಅಷ್ಟೇ ಎಣ್ಣೆ ಇಟ್ಟು ಕೊಟ್ಟರು. ಗುರುವಾರ ಸಂಜೆ ತಂದೆ. ಬೆಳಿಗ್ಗೆ ಒಂದು ಸಲ ಕೀಲಿ ಕೊಟ್ಟರೆ ಮಾರನೇ ರಾತ್ರಿವರೆಗೂ ಬರುತ್ತದೆ. ದಿನಕ್ಕೆ ಒಂದು ನಿಮಿಷ ಮುಂದೆ ಹೋಗುತ್ತದೆ, ಅಷ್ಟು ಇರಲಿ ಅಂದರು. ಈಗ ಪತ್ರ ಬರೆಯುವಾಗ ಮೇಜಿನ ಮೇಲೆ ಇದೆ. ಸೆಕೆಂಡಿಗೆ ಐದು ಟಿಕ್. ಕೊಟ್ಟಿಗೆಯಲ್ಲಿ ಇಷ್ಟು ಸಣ್ಣ ಸದ್ದು ಕೇಳಿಸುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ.

ಇನ್ನೊಂದು. ಗೋಡೆಯ ಪ್ಲೈವುಡ್ ಮೇಲೆ ಪ್ರತಿ ಸಾಮಾನಿನ ಸುತ್ತ ಪೆನ್ಸಿಲ್ ಗೆರೆ ಎಳೆದು, ಮೇಲೆ ಕಪ್ಪು ಪೇಂಟ್ ತೀಡಿದೆಯಲ್ಲ, ಯಾವುದು ಇಲ್ಲ ಅಂತ ಬಾಗಿಲಲ್ಲೇ ಗೊತ್ತಾಗಲಿ ಅಂತ. ಸುತ್ತಿಗೆ ಇದೆ. ಗರಗಸ ಇದೆ. ಉಳಿ ಆರೂ ಇವೆ. ರಸಮಟ್ಟ ಇದೆ. ಅದರ ಪಕ್ಕ ಮೂಲೆ ನೋಡುವ ಮೂಲಮಟ್ಟದ ಗೆರೆ ಮಾತ್ರ ಮೂರು ವಾರದಿಂದ ಖಾಲಿ. ಎಲ್ಲ ಕಡೆ ಹುಡುಕಿದೆ. ಈಗ ಹುಡುಕುವುದಕ್ಕೆ ಹೆಚ್ಚು ಜಾಗವೂ ಇಲ್ಲ. ಕೊನೆಗೆ ನೆನಪಾಯಿತು, ಭಾನುವಾರ ಹೊರಡುವ ಮುಂಚೆ ಆ ಕೊನೇ ಹಲಗೆಗೆ ಗುರುತು ಹಾಕಿದವನು ನೀನು. ರೈಲಿಗೆ ತಡವಾಯಿತು ಅಂತ ಓಡಿದೆ.

ನಿನ್ನ ಬ್ಯಾಗಿನ ಪಕ್ಕದ ಜೇಬು ನೋಡು. ಬರುವಾಗ ತಾ. ವಾಚು ಆಗ ಕೊಡ್ತೀನಿ.

ನಿನ್ನ,
ಮೇಷ್ಟ್ರು