ಪಂಚಮಿ ಉಂಡಿ: ಡಬ್ಬಿ ಮುಚ್ಚುವ ಮುನ್ನ

ಮಾನ್ಯ ಸಂಪಾದಕರೇ,

ಪಂಚಮಿ ಹತ್ತಿರ ಬಂದಂತೆ ಹುಬ್ಬಳ್ಳಿ-ಧಾರವಾಡದ ಓಣಿ ಓಣಿಯಲ್ಲೂ ಶೇಂಗಾ ಹುರಿಯುವ ವಾಸನೆ. ತವರಿಗೆ ಬರಲಾಗದ ಹೆಣ್ಣುಮಕ್ಕಳಿಗೆ, ಬೆಂಗಳೂರು-ಪುಣೆಯಲ್ಲಿ ನೌಕರಿ ಮಾಡುವವರಿಗೆ, ಬೀಗರ ಮನೆಗೆ ಉಂಡಿ ಡಬ್ಬಿ ಹೋಗಲೇಬೇಕು. ಹಬ್ಬದ ಪುರವಣಿಗಳಲ್ಲಿ ಉಂಡಿ ಮಾಡುವ ವಿಧಾನ ಬರುತ್ತದೆ. ಆದರೆ ಅದು ಎಷ್ಟು ದಿನ ತಡೆಯುತ್ತದೆ, ಯಾವುದನ್ನು ದೂರ ಕಳಿಸಬಹುದು ಎಂಬುದು ಅಲ್ಲಿರುವುದಿಲ್ಲ. ಪಂಚಮಿ ಬರುವುದು ಶ್ರಾವಣದ ಜಿಟಿಜಿಟಿ ಮಳೆಯಲ್ಲಿ. ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ದೀಪಾವಳಿಯಲ್ಲಿ ಹದಿನೈದು ದಿನ ಗಟ್ಟಿಯಾಗಿರುವ ಉಂಡಿ ಈಗ ವಾರದೊಳಗೇ ಜಿಗುಟಾಗುವುದು ಅದಕ್ಕೇ.

ದೂರ ಕಳಿಸಲು ಶೇಂಗಾ ಉಂಡಿಯಷ್ಟು ನಂಬಿಕಸ್ತ ಉಂಡಿ ಬೇರೆ ಇಲ್ಲ. ಅರ್ಧ ಕಿಲೋ ಶೇಂಗಾಕ್ಕೆ 350 ಗ್ರಾಂ ಬೆಲ್ಲ ಸಾಕು. ಸಣ್ಣ ಉರಿಯಲ್ಲಿ ಸಿಪ್ಪೆ ಚಟಪಟ ಅನ್ನುವತನಕ ಹುರಿದು, ಆರಿದ ಮೇಲೆ ಉಜ್ಜಿ ಕೇರಿ. ಮುರುಟಿದ, ಕಪ್ಪಾದ, ಬೂಷ್ಟು ಹಿಡಿದ ಕಾಳು ಕಂಡರೆ ಮುಲಾಜಿಲ್ಲದೆ ತೆಗೆದುಹಾಕಿ. ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಬೆಲ್ಲಕ್ಕೆ ಮೂರು-ನಾಲ್ಕು ಚಮಚ ನೀರಷ್ಟೇ ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಗಿಡಿ.

ಎಡವುವುದು ಪಾಕದಲ್ಲಿಯೇ. ತಟ್ಟೆಯಲ್ಲಿ ತಣ್ಣೀರಿಟ್ಟುಕೊಂಡು ಒಂದು ಹನಿ ಪಾಕ ಬಿಡಿ. ಹರಡಿದರೆ ಇನ್ನೂ ಆಗಿಲ್ಲ. ಬೆರಳಿಗೆ ಕೂಡಿಬಂದು ಮೇಣದಂತೆ ಬಾಗಿದರೆ ಬಹಳ ಮಂದಿ ಅಲ್ಲಿಗೇ ಒಲೆ ಆರಿಸುತ್ತಾರೆ. ಬೇಸಿಗೆಗೆ ಅದು ನಡೆದೀತು, ಶ್ರಾವಣಕ್ಕೆ ನಡೆಯದು. ಇನ್ನೊಂದೆರಡು ನಿಮಿಷ ಕುದಿಸಿ. ನೀರಿನಲ್ಲಿ ಉಂಡೆ ಮಾಡಿದ ಪಾಕವನ್ನು ತಟ್ಟೆಯ ಅಂಚಿಗೆ ಬಡಿದರೆ ಟಣ್ ಅನ್ನಬೇಕು. ಅಂದ ಕೂಡಲೇ ಇಳಿಸಿ. ಅದನ್ನು ದಾಟಿದರೆ ಬೆಲ್ಲ ಹೊತ್ತಿ ಕಹಿಯಾಗುತ್ತದೆ, ಅದಕ್ಕೆ ಮದ್ದಿಲ್ಲ. ಶೇಂಗಾ ಕಲಸಿ ಬಿಸಿಯಿರುವಾಗಲೇ ಕಟ್ಟಬೇಕು. ಕೈ ಸುಡುತ್ತದೆಂದು ನೀರು ಮುಟ್ಟಿ ಕಟ್ಟುವ ರೂಢಿಯಿದೆ. ಆ ನೀರೇ ಉಂಡಿಯ ಮೈಗೆ ಜಿಗುಟು ತರುತ್ತದೆ. ನೀರಿನ ಬದಲು ತುಪ್ಪ ಸವರಿಕೊಳ್ಳಿ, ಇಲ್ಲವೇ ಅಕ್ಕಿ ಹಿಟ್ಟು ಮುಟ್ಟಿಕೊಳ್ಳಿ. ಕಟ್ಟುವಷ್ಟರಲ್ಲಿ ಪಾತ್ರೆಯಲ್ಲೇ ಬಿಗಿದುಕೊಂಡರೆ ಸಣ್ಣ ಉರಿಯ ಮೇಲೆ ಬೆಚ್ಚಗೆ ಮಾಡಿ, ನೀರು ಮಾತ್ರ ಚಿಮುಕಿಸಬೇಡಿ. ಎಳ್ಳುಂಡಿಗೂ ಇದೇ ಪಾಕ.

ಹಲ್ಲಿಲ್ಲದ ಹಿರಿಯರಿದ್ದ ಮನೆಗೆ ಗಟ್ಟಿ ಪಾಕದ ಉಂಡಿ ಕಳಿಸುವುದು ಸರಿಯಲ್ಲ. ಅವರಿಗೆ ಹುರಿದ ಶೇಂಗಾ, ಬೆಲ್ಲ ಕೂಡಿಸಿ ಕುಟ್ಟಿ ಕಟ್ಟಿದ ಉಂಡಿ, ಇಲ್ಲವೇ ಬೇಸನ್ ಉಂಡಿ. ಅರ್ಧ ಕಿಲೋ ದಪ್ಪ ಕಡಲೆ ಹಿಟ್ಟಿಗೆ 250 ಗ್ರಾಂ ತುಪ್ಪ, 375 ಗ್ರಾಂ ಸಕ್ಕರೆ ಪುಡಿ. ತುಪ್ಪದಲ್ಲಿ ಸಣ್ಣ ಉರಿಯ ಮೇಲೆ ಹುರಿಯುತ್ತಾ ಹೋದರೆ, ಮೊದಲು ಮುದ್ದೆಯಾಗುವ ಹಿಟ್ಟು ಅರ್ಧ ತಾಸಿನ ಹೊತ್ತಿಗೆ ಸಡಿಲಾಗಿ ತುಪ್ಪ ಬಿಡುತ್ತದೆ. ಅವಸರ ಮಾಡಿ ಉರಿ ಏರಿಸಿದರೆ ಹೊರಗೆ ಕೆಂಪು, ಒಳಗೆ ಹಸಿ ವಾಸನೆ. ಕೈ ಮುಟ್ಟುವಷ್ಟು ಆರಿದ ಮೇಲೆಯೇ ಸಕ್ಕರೆ ಹಾಕಬೇಕು. ಬಿಸಿಯಲ್ಲಿ ಹಾಕಿದರೆ ಅದು ಕರಗಿ ಉಂಡಿ ಚಪ್ಪಟೆಯಾಗಿ ಕೂರುತ್ತದೆ.

ಹಾಲು ಚಿಮುಕಿಸಿ ಕಟ್ಟಿದ ರವೆ ಉಂಡಿ ಎರಡು-ಮೂರು ದಿನದ್ದು, ಓಣಿಯೊಳಗೆ ಹಂಚಲಷ್ಟೇ. ಹಸಿ ಕಾಯಿತುರಿ ಹಾಕಿದ್ದಂತೂ ಪಾರ್ಸಲ್ ಮಾಡಲೇಬೇಡಿ. ಒಣ ಕೊಬ್ಬರಿ ಹಾಕಿ ಎಳೆ ಪಾಕದಲ್ಲಿ ಕಟ್ಟಿದರೆ ವಾರ ಬಾಳುತ್ತದೆ. ಕೊಬ್ಬರಿಯನ್ನು ಮೊದಲೇ ಚೂರು ಬಾಯಿಗೆ ಹಾಕಿ ನೋಡಿ, ಕಮಟಾಗಿದ್ದರೆ ಇಡೀ ಉಂಡಿ ಕೆಟ್ಟಂತೆ.

ಕಟ್ಟಿದ ಉಂಡಿ ಪರಾತದಲ್ಲಿ ಬಟ್ಟೆ ಮುಚ್ಚಿಕೊಂಡು ಐದಾರು ತಾಸು ಆರಲಿ. ಬೆಚ್ಚಗಿರುವಾಗ ಡಬ್ಬಿ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕಟ್ಟಿ, ಆ ಹನಿ ಬಿದ್ದಲ್ಲೇ ಬೂಷ್ಟು ಏಳುತ್ತದೆ. ಡಬ್ಬಿಯನ್ನೂ ತೊಳೆದು ಪೂರ್ತಿ ಒಣಗಿಸಿರಬೇಕು. ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ, ಸಂದಿಯಲ್ಲೆಲ್ಲ ಅದೇ ಪೇಪರ್ ಮುದುಡಿ ತುಂಬಿದರೆ ರಾತ್ರಿ ಬಸ್ಸಿನ ಕುಲುಕಾಟಕ್ಕೂ ಒಡೆಯುವುದಿಲ್ಲ. ಪತ್ರಿಕೆಗೇ ಬರೆಯುತ್ತಿದ್ದರೂ ಹೇಳಬೇಕಾದ ಮಾತು: ಓದಿದ ಪತ್ರಿಕೆಯ ಹಾಳೆಯಲ್ಲಿ ಉಂಡಿ ಸುತ್ತಬೇಡಿ, ತುಪ್ಪಕ್ಕೆ ಮಸಿ ಅಂಟುತ್ತದೆ. ಚಕ್ಕುಲಿ, ಅವಲಕ್ಕಿ ಚೂಡಾಕ್ಕೆ ಬೇರೆ ಡಬ್ಬಿ ಇರಲಿ. ಉಂಡಿಯ ಜೊತೆ ಇಟ್ಟರೆ ಅವು ಮೆತ್ತಗಾಗುತ್ತವೆ, ಉಂಡಿಗೆ ಒಗ್ಗರಣೆಯ ವಾಸನೆ ಹಿಡಿಯುತ್ತದೆ.

ಮೇಲೊಂದು ಚೀಟಿ ಇಡಿ: ಮಾಡಿದ ದಿನ, ಯಾವುದನ್ನು ಮೊದಲು ತಿನ್ನಬೇಕು, ಒದ್ದೆ ಕೈ ಹಾಕಬಾರದು ಎಂದು. ಈ ವರ್ಷದ ಪುರವಣಿಯಲ್ಲಿ ಪ್ರತಿ ಉಂಡಿಯ ವಿಧಾನದ ಕೆಳಗೂ ಅದು ಎಷ್ಟು ದಿನ ತಡೆಯುತ್ತದೆ ಎಂಬ ಒಂದು ಸಾಲು ಸೇರಿಸಬೇಕೆಂದು ಕೋರುತ್ತೇವೆ.

– ಹಬ್ಬದ ಅಡುಗೆ ಬಲ್ಲ ಓದುಗರು, ಧಾರವಾಡ